ಒಂದೂವರೆ ವರ್ಷದ ಮಗುನ ಮೊದಲನೇ ಸಲ ಬೀಚಿಗೆ ಕರ್ಕೊಂಡ್ ಹೋಗ್ತಿದೀವಿ, ಹೋಗಿಬಂದವ್ರು ಹೇಳಿ

ಕೇಳಿದ್ದು (ಬೆಂಗಳೂರಿನ ಅಮ್ಮ):
ಡಿಸೆಂಬರ್ ಕೊನೇಲಿ ಉಡುಪಿ ಕಡೆ ಹೊರಟಿದೀವಿ, ಪಂಚಗಂಗಾ ಎಕ್ಸ್‌ಪ್ರೆಸ್ಸಲ್ಲಿ ಟಿಕೆಟ್ ಆಗಿದೆ. ಮಗಳಿಗೆ ಬಚ್ಚಲಲ್ಲಿ ಬಕೆಟ್ ನೀರು ಅಂದ್ರೆ ಪ್ರಾಣ, ಆದ್ರೆ ಸಮುದ್ರ ನೋಡೇ ಇಲ್ಲ. ಯಾವ ಬೀಚು, ಯಾವ ಟೈಮು, ಏನೇನ್ ತಗೊಂಡ್ ಹೋಗ್ಬೇಕು? ಉಪ್ಪುನೀರಿಗೆ ಇಳಿಸಿದ್ರೆ ನೆಗಡಿ ಗ್ಯಾರಂಟಿ ಅಂತ ಅತ್ತೆ ಈಗ್ಲೇ ಶುರು ಮಾಡಿದಾರೆ, ಅವ್ರೂ ಬರ್ತಿದಾರೆ.

ಸುರತ್ಕಲ್ ಕಡೆಯ ಒಬ್ಬರು ಅಮ್ಮ:
ಆ ಪ್ರಾಯದ ಮಕ್ಳಿಗೆ ಹೊಯ್ಗೆ (ಮರಳು) ಒಂದು ಸಿಕ್ಕಿದ್ರೆ ಸಾಕು ಮಾರಾಯ್ರೆ, ಸಮುದ್ರ ಸಮುದ್ರ ಅಂತ ಕುಣಿಯುವುದು ನಾವು. ನನ್ನ ಮಗ ಎರಡು ಅಲೆ ಬಂದು ಒಡೆದದ್ದು ನೋಡಿ ನನ್ನ ಕುತ್ತಿಗೆಗೆ ಜೋತು ಬಿದ್ದವ ಬಿಡ್ಲೇ ಇಲ್ಲ, ಆ ಶಬ್ದಕ್ಕೇ ಹೆದರುವುದು ಅವು. ಒಂದ್ಸಲ ಕಾಲು ಅದ್ದಿಸಿದ್ರೆ ಹೆದ್ರಿಕೆ ಬಿಡ್ತದೆ ಅಂತ ಅವನ ಅಪ್ಪ ಎತ್ಕೊಳ್ಳಲಿಕ್ಕೆ ಬಂದ್ರು, ನಾನು ಕೊಡ್ಲಿಲ್ಲ. ಒದ್ದೆ ಹೊಯ್ಗೆ ಮುಗಿದು ಒಣ ಹೊಯ್ಗೆ ಶುರುವಾಗುವಲ್ಲಿ ಕೂತು ಕೈಯಲ್ಲೇ ಒಂದು ಗುಂಡಿ ತೋಡಿದೆ, ಅಪ್ಪ ಸಣ್ಣ ಬಾಲ್ದಿಯಲ್ಲಿ ನೀರು ತಂದು ಹೊಯ್ದ್ರು, ನೀರು ಇಂಗಿ ಹೋಯ್ತು. ಮಗ ಬಗ್ಗಿ ಗುಂಡಿಯೊಳಗೆ ನೋಡಿದ, ನನ್ನ ಮುಖ ನೋಡಿದ, ಮತ್ತೆ ಬಾಲ್ದಿಗೆ ಕೈ ತೋರಿಸಿದ. ಕತ್ತಲಾಗುವವರೆಗೆ ಅದೇ ಕೆಲಸ, ಅಪ್ಪನಿಗೆ ಸೊಂಟ ಹೋಯ್ತು ಅಷ್ಟೆ.

ಬೀಚು ಕೇಳಿದ್ರೆ ನಾನು ಪಡುಬಿದ್ರಿಯ ಬ್ಲೂ ಫ್ಲ್ಯಾಗ್ ಬೀಚೇ ಹೇಳುವುದು. ಬ್ಲೂ ಫ್ಲ್ಯಾಗ್ ಅಂದ್ರೆ ಸ್ವಚ್ಛತೆ, ಸುರಕ್ಷತೆ ನೋಡಿ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ, 2020ರಲ್ಲಿ ನಮ್ಮ ರಾಜ್ಯದಲ್ಲಿ ಅದಕ್ಕೂ ಹೊನ್ನಾವರದ ಕಾಸರಕೋಡಿಗೂ ಸಿಕ್ಕಿದ್ದು. ಟಾಯ್ಲೆಟ್ಟು, ಬಟ್ಟೆ ಬದಲಾಯಿಸ್ಲಿಕ್ಕೆ ಕೋಣೆ, ಮೈ ತೊಳೀಲಿಕ್ಕೆ ಸಿಹಿನೀರು, ಲೈಫ್ ಗಾರ್ಡ್ ಎಲ್ಲ ಉಂಟು, ಸಣ್ಣ ಮಗು ಇರುವವರಿಗೆ ಅಷ್ಟೇ ಬೇಕಾದ್ದು. ಮಲ್ಪೆ ಅಗಲ ಉಂಟು ಚಂದ ಉಂಟು, ಆದ್ರೆ ವರ್ಷದ ಕೊನೆಗೆ ಕಾಲಿಡ್ಲಿಕ್ಕೆ ಜಾಗ ಇರುವುದಿಲ್ಲ, ಮೇಲಿಂದ ಜೆಟ್ ಸ್ಕೀ ಸದ್ದು. ಕಾಪುವಿನಲ್ಲಿ 1901ರ ಲೈಟ್‌ಹೌಸ್ ನೋಡಿ ಬನ್ನಿ, ಬಂಡೆಗಳ ಹತ್ರ ಮಗುವನ್ನು ಬಿಡಬೇಡಿ. ಮರವಂತೆ ಕಾರಿನ ಕಿಟಕಿಯಿಂದ ನೋಡ್ಲಿಕ್ಕೆ ಚಂದ, ಒಂದು ಬದಿ ಸಮುದ್ರ ಇನ್ನೊಂದು ಬದಿ ಸೌಪರ್ಣಿಕಾ ನದಿ, ಆದ್ರೆ ಬೆನ್ನಿಗೇ ಹೈವೇ, ಕೈ ಬಿಡಿಸ್ಕೊಂಡು ಓಡುವ ಮಗುವಿಗೆ ಅದು ಬೇಡವೇ ಬೇಡ.

ಹುಬ್ಬಳ್ಳಿಯವರು:
ನಾವು ಕಾರವಾರಕ್ಕ ಹೋಗಿದ್ವಿರಿ, ಟಾಗೋರ್ ಬೀಚಿಗೆ, ಊರಾಗ ಐತಿ, ಆರಾಮ ಆತು. ನಿಮಗ ಉಡುಪಿಯಿಂದ ಅದು ದೂರ ಆಕ್ಕೈತಿ ಬಿಡ್ರಿ. ಎಲ್ಲರೂ ಸಂಜೀಕ ಹೋಗ್ತಾರ, ನಾನಂತೂ ಮುಂಜಾನೆ ಹೋಗ್ರಿ ಅಂತೀನಿ. ಮಂದಿ ಇರಂಗಿಲ್ಲ, ಕೂಸೂ ನಿದ್ದಿ ಮಾಡಿ ಎದ್ದು ಖುಷೀಲೆ ಇರ್ತೈತಿ, ಮತ್ತ ಆ ಹೊತ್ತಿನ್ಯಾಗ ಸಣ್ಣ ಏಡಿ ಹೊರಗ ಬಂದಿರ್ತಾವ. ತೂತಿನ ಸುತ್ತ ಉಸುಕಿನ ಗುಳಿಗಿ ಉಂಡಿ ಮಾಡಿ ಸಾಲಾಗಿ ಇಟ್ಟಿರ್ತಾವ ನೋಡ್ರಿ, ನಮ್ಮಾಕಿ ಅದನ್ನ ಒಂದೊಂದ ಬೊಟ್ಟಿಲೆ ಒತ್ತಿ ಒತ್ತಿ ಒಡೀತಿದ್ಲು. ತೂತಿನಾಗ ಬೊಟ್ಟು ಹಾಕಾಕ ಬಿಡಬ್ಯಾಡ್ರಿ ಮತ್ತ. ಬಿಸಿಲು ಏರಿದ ಮ್ಯಾಲೆ ಒಣ ಉಸುಕು ಕಾದ ಹಂಚಾಗಿರ್ತೈತಿ, ಹತ್ತರಿಂದ ನಾಲ್ಕರ ತನಕಾ ರೂಮಿನಾಗ ಇರ್ರಿ.

ವೈಟ್‌ಫೀಲ್ಡಿನ ಒಬ್ಬ ಅಪ್ಪ:
ಡೈಪರ್ ಬಗ್ಗೆ ಯಾರೂ ಹೇಳ್ಲಿಲ್ವಲ್ಲ. ಮಾಮೂಲಿ ಡೈಪರ್ ಹಾಕಿ ನೀರಿಗೆ ಇಳಿಸಿದ್ರೆ ಅದು ನೀರು ಕುಡಿದು ಊದ್ಕೊಂಡು ಮೊಣಕಾಲಿಗೆ ಜಾರುತ್ತೆ, ಒಳಗಡೆ ಮರಳು ಸೇರ್ಕೊಂಡು ತೊಡೆ ಸಂದು ಉಜ್ಜಿ ಕೆಂಪಾಗುತ್ತೆ. ಸ್ವಿಮ್ ಡೈಪರ್ ಅಂತ ಸಿಗುತ್ತೆ ಆದ್ರೆ ಅದು ಕಕ್ಕ ತಡೆಯುತ್ತೆ ಅಷ್ಟೇ, ಸುಸು ತಡೆಯಲ್ಲ, ಹಾಗಾಗಿ ಬೀಚಲ್ಲೇ ಹಾಕಿ, ರೂಮಿಂದ ಹಾಕ್ಕೊಂಡ್ ಹೊರಟ್ರೆ ಆಟೋ ಸೀಟೇ ಒದ್ದೆ. ಸಂದಿಗೆ ಮೊದ್ಲೇ ಕೊಬ್ಬರಿ ಎಣ್ಣೆ ಸವರಿ. ಸನ್‌ಸ್ಕ್ರೀನ್ ಆರು ತಿಂಗಳು ದಾಟಿದ ಮಕ್ಳಿಗೆ ಹಚ್ಚಬಹುದು, ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಮೇಲಿಂದು, ಹೊರಡೋಕೆ ಹದಿನೈದು ಇಪ್ಪತ್ತು ನಿಮಿಷ ಮುಂಚೆ, ಎರಡು ಗಂಟೆಗೊಂದ್ಸಲ ಮತ್ತೆ. ನನ್ನ ಕೇಳಿದ್ರೆ ತುಂಬುತೋಳಿನ ಕಾಟನ್ ಅಂಗಿ, ಗಲ್ಲಕ್ಕೆ ದಾರ ಇರೋ ಟೋಪಿ ಇದಕ್ಕಿಂತ ಕೆಲಸಕ್ಕೆ ಬರುತ್ತೆ. ಕಣ್ಣಿಗೆ ಮರಳು ಹೋದ್ರೆ ಉಜ್ಜೋಕೆ ಬಿಡ್ಬೇಡಿ, ಕೈ ಹಿಡ್ಕೊಂಡು ಕುಡಿಯೋ ನೀರು ಧಾರಾಳವಾಗಿ ಹುಯ್ಯಿರಿ, ಎರಡು ಲೀಟರ್ ಬಾಟ್ಲಿ ಅದಕ್ಕೇ ಅಂತ ಇಟ್ಕೊಳ್ಳಿ. ಪೌಡರ್ ಹಾಕಿ ಮರಳು ಉದುರಿಸಿ ಅಂತ ವಿಡಿಯೋಗಳಲ್ಲಿ ತೋರಿಸ್ತಾರೆ, ಆ ಧೂಳು ಮಗು ಉಸಿರಿಗೆ ಹೋಗುತ್ತೆ ಬೇಡ, ಮೈ ಒಣಗಿದ್ರೆ ಮರಳು ತಾನೇ ಉದುರುತ್ತೆ.

ಮಲ್ಪೆಯವ:
ಇಷ್ಟು ಜನ ಹೇಳಿದ್ರಿ, ಉಬ್ಬರ ಇಳಿತ ನೋಡಿ ಹೊರಡಿ ಅಂತ ಒಬ್ರೂ ಹೇಳ್ಲಿಲ್ಲ. ನೀರು ಇಳಿದಾಗ ಹೋಗಿ, ಗಟ್ಟಿ ಸಮತಟ್ಟು ಹೊಯ್ಗೆ ಸಿಕ್ತದೆ, ಅಲ್ಲಲ್ಲಿ ಪಾದ ಮುಳುಗುವಷ್ಟು ನೀರು ನಿಂತಿರ್ತದೆ, ಮಗುವಿಗೆ ಅದೇ ಸಮುದ್ರ. ಇಳಿತದ ಹೊತ್ತು ದಿನಕ್ಕೆ ಹೆಚ್ಚುಕಡಿಮೆ ಐವತ್ತು ನಿಮಿಷ ತಡ ಆಗ್ತಾ ಹೋಗ್ತದೆ, ಇವತ್ತು ನಾಲ್ಕಕ್ಕೆ ಇಳಿದಿದ್ರೆ ನಾಳೆ ಐದರ ಹತ್ತಿರ. ಫೋನಲ್ಲೇ ಟೈಮ್ ಸಿಕ್ತದೆ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸಿಗೆ ನೀರು ಜಾಸ್ತಿ ಮೇಲೆ ಬರ್ತದೆ, ಚಾಪೆ ಚೀಲ ದೂರ ಇಡಿ.

ಮಳೆಗಾಲ ಮುಗಿದಿದೆ ಇನ್ನೆಂತ ಹೆದ್ರಿಕೆ ಅಂತ ಬರುವವರು ತುಂಬ ಜನ. 2024ರ ಡಿಸೆಂಬರಲ್ಲೇ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ಕು ಹುಡುಗಿಯರು ತೀರಿಹೋದ್ರು. ಅಲೆ ಬರುವಾಗ ಅಲ್ಲ ವಾಪಸ್ ಹೋಗುವಾಗ ನೋಡಿ, ಕಾಲಡಿಯ ಹೊಯ್ಗೆ ಎಳ್ಕೊಂಡು ಹೋಗ್ತದೆ, ದೊಡ್ಡವರೇ ವಾಲ್ತೇವೆ, ಮಗು ನೇರ ಮುಖ ಅಡಿಯಾಗಿ ಬೀಳ್ತದೆ. ಪಾದ ಮುಳುಗುವ ನೀರಲ್ಲೂ ಕಂಕುಳ ಕೆಳಗೆ ಎರಡೂ ಕೈ ಹಾಕಿ ಹಿಡ್ಕೊಳ್ಳಿ, ಸಮುದ್ರಕ್ಕೆ ಬೆನ್ನು ಹಾಕಿ ಫೋಟೋ ತೆಗೀಬೇಡಿ. ದಡಕ್ಕೆ ಬಿದ್ದ ಜೆಲ್ಲಿ ಫಿಶ್ ಸತ್ತಿದ್ರೂ ಮುಟ್ಟಿಸ್ಬೇಡಿ. ತಾಗಿದ್ರೆ ಸಮುದ್ರದ ನೀರಲ್ಲೇ ತೊಳೀರಿ, ಹೊಯ್ಗೆ ಹಾಕಿ ತಿಕ್ಕಬೇಡಿ, ಉಸಿರಾಟ ಹೆಚ್ಚುಕಡಿಮೆ ಆದ್ರೆ ಸೀದಾ ಆಸ್ಪತ್ರೆ.

ಕೇಳಿದವರು:
ಎಲ್ರಿಗೂ ಥ್ಯಾಂಕ್ಸ್, ಪಡುಬಿದ್ರಿ ಫಿಕ್ಸ್ ಮಾಡ್ತೀವಿ. ಎಷ್ಟ್ ಹೊತ್ತು ಇರ್ಬೋದು? ತಿನ್ನೋಕೆ ಏನ್ ಇಟ್ಕೊಳ್ಲಿ? ಅತ್ತೆಗೇನ್ ಹೇಳ್ಲಿ?

ಸುರತ್ಕಲ್ ಕಡೆಯ ಅಮ್ಮ:
ಒಂದು ಗಂಟೆ ಧಾರಾಳ ಆಯ್ತಾ. ಸೂರ್ಯ ಮುಳುಗುವುದು ನೋಡಿಯೇ ಹೋಗುವ ಅಂತ ಹಠ ಮಾಡಿದ್ರೆ ಮಗು ಅಷ್ಟೊತ್ತಿಗೆ ಹಸಿದು ನಿದ್ದೆ ಬಂದು ರಂಪ ಮಾಡ್ತದೆ, ಅದು ಕಣ್ಣುಜ್ಜಲಿಕ್ಕೆ ಶುರು ಮಾಡಿದ್ರೆ ಎದ್ದುಬಿಡಿ. ಬಾಳೆಹಣ್ಣು, ಬೊಂಡ (ಎಳನೀರು) ಸಾಕು. ಚರುಮುರಿ ನೀವು ತಿನ್ನಿ, ಅದರ ನೆಲಗಡಲೆ ಮಗುವಿನ ಕೈಗೆ ಸಿಗದ ಹಾಗೆ ನೋಡ್ಕೊಳ್ಳಿ, ಗಂಟಲಲ್ಲಿ ಸಿಕ್ಕಿಹಾಕಿಕೊಳ್ತದೆ. ಸಣ್ಣ ಚಿಪ್ಪಿಗಳೂ ಹಾಗೇ ಬಾಯಿಗೆ ಹೋಗ್ತವೆ. ಅತ್ತೆಯವರ ಮಾತಲ್ಲಿ ಅರ್ಧ ಸರಿ ಉಂಟು, ಉಪ್ಪುನೀರಿಂದ ನೆಗಡಿ ಬರುವುದಿಲ್ಲ, ಆದ್ರೆ ಒದ್ದೆ ಬಟ್ಟೆಯಲ್ಲಿ ಸಂಜೆ ಗಾಳಿಗೆ ಕೂರಿಸಿದ್ರೆ ಮಗು ಗಡಗಡ ನಡುಗ್ತದೆ. ಎರಡು ಬೈರಾಸು (ಟವೆಲ್), ಒಂದು ಜೊತೆ ಒಣ ಬಟ್ಟೆ ಅವರ ಕೈಯಲ್ಲೇ ಕೊಟ್ಟು ಕೂರಿಸಿ, ಅವರಿಗೂ ಸಮಾಧಾನ. ಬಸ್ಸಲ್ಲಿ ಬರುವುದಾದ್ರೆ ಪಡುಬಿದ್ರಿ ಪೇಟೆಯಲ್ಲಿ ಇಳಿದು ರಿಕ್ಷಾ ಮಾಡಿ, ವಾಪಸ್ ಕರ್ಕೊಂಡು ಬರ್ಲಿಕ್ಕೆ ಆ ರಿಕ್ಷಾದವರ ನಂಬ್ರ ಅಲ್ಲೇ ತಕೊಂಡಿಟ್ಟುಕೊಳ್ಳಿ.