ನೆಲ್ಲಿ ಡೀನ್ ಹೇಳುವ ಕಥೆಯನ್ನು ಎಷ್ಟರ ಮಟ್ಟಿಗೆ ನಂಬಬೇಕು?

ಪ್ರಶ್ನೆ

ನಮಸ್ಕಾರ. ಎಮಿಲಿ ಬ್ರಾಂಟಿಯ 'ವುದರಿಂಗ್ ಹೈಟ್ಸ್' ಕಾದಂಬರಿಯನ್ನು ಕಾಲೇಜಿನ ದಿನಗಳ ನಂತರ ಈಗ ಎರಡನೆಯ ಸಲ ಓದಿ ಮುಗಿಸಿದೆ. ಮೊದಲ ಸಲ ಪ್ರೇಮಿಗಳಾದ ಹೀತ್‌ಕ್ಲಿಫ್ ಮತ್ತು ಕ್ಯಾಥರೀನ್ ಬಿಟ್ಟು ಬೇರೆ ಯಾರೂ ಕಣ್ಣಿಗೆ ಬಿದ್ದಿರಲಿಲ್ಲ. ಈ ಸಲ ಮಾತ್ರ, ಕಾಯಿಲೆ ಬಿದ್ದು ಮಲಗಿದ ಬಾಡಿಗೆದಾರ ಲಾಕ್‌ವುಡ್‌ನ ಬಳಿ ಕೂತು ಕಥೆ ಹೇಳುವ ನೆಲ್ಲಿ ಡೀನ್ ಎಂಬ ಮನೆವಾರ್ತೆಯ ಹೆಂಗಸಿನ ಮೇಲೆಯೇ ಗಮನ ನೆಟ್ಟಿತು. 1850ರ ಆವೃತ್ತಿಗೆ ಮುನ್ನುಡಿ ಬರೆದ ಎಮಿಲಿಯ ಅಕ್ಕ ಶಾರ್ಲೆಟ್, ಈಕೆಯನ್ನು ನಿಜವಾದ ಒಳ್ಳೆಯತನಕ್ಕೂ ನಿಷ್ಠೆಗೂ ಮಾದರಿಯೆಂದು ಹೊಗಳಿದ್ದಾಳೆ. 1958ರಲ್ಲಿ ಜೇಮ್ಸ್ ಹ್ಯಾಫ್ಲಿ ಎಂಬ ವಿಮರ್ಶಕರು ಕಾದಂಬರಿಯ ಖಳಪಾತ್ರವೇ ಈಕೆ ಎಂದು ವಾದಿಸಿದ್ದಾರೆ. ಇಬ್ಬರಲ್ಲಿ ಯಾರನ್ನು ಒಪ್ಪಬೇಕು? ನೆಲ್ಲಿಯನ್ನೇ ನಂಬದಿದ್ದರೆ, ಅವಳ ಬಾಯಿಂದಲ್ಲದೆ ಬೇರೆ ದಾರಿಯಲ್ಲಿ ನಮಗೆ ತಲುಪುವ ಭಾಗವೇ ತೀರಾ ಕಡಿಮೆ ಇರುವ ಈ ಕಾದಂಬರಿಯಲ್ಲಿ ಓದುಗನಿಗೆ ಉಳಿಯುವುದೇನು?

ಉತ್ತರ 1

ತಮ್ಮ ಪ್ರಶ್ನೆಯಲ್ಲಿ ಎರಡು ಬಗೆಯ ನಂಬಿಕೆ ಬೆರೆತುಹೋಗಿದೆ ಎಂದು ನನಗೆ ಅನ್ನಿಸುತ್ತದೆ. ಕಥೆಯೊಳಗಿನ ಜನ ನೆಲ್ಲಿಯ ಮೇಲೆ ಇಟ್ಟ ನಂಬಿಕೆ ಒಂದು. ನಾವು ಓದುಗರು ಇಡುವ ನಂಬಿಕೆ ಇನ್ನೊಂದು. ಒಂಬತ್ತನೆಯ ಅಧ್ಯಾಯದ ಅಡುಗೆಮನೆಯ ಪ್ರಸಂಗವನ್ನೇ ನೋಡಿ. ನೆಲ್ಲಿ, ಕ್ಯಾಥರೀನ್‌ಳ ಅಣ್ಣ ಹಿಂಡ್ಲಿಯ ಮಗು ಹೇರ್ಟನ್‌ನನ್ನು ಮಡಿಲಲ್ಲಿ ತೂಗುತ್ತಿದ್ದಾಳೆ. ಕ್ಯಾಥರೀನ್ ಬಂದು, ಎಡ್ಗರ್ ಲಿಂಟನ್‌ನನ್ನು ಮದುವೆಯಾಗಲು ಒಪ್ಪಿಕೊಂಡೆನೆಂದೂ, ಹೀತ್‌ಕ್ಲಿಫ್‌ನನ್ನು ಮದುವೆಯಾದರೆ ತನ್ನ ಅಂತಸ್ತಿಗೆ ಕುಂದೆಂದೂ ಹೇಳುತ್ತಾಳೆ. ಎತ್ತರದ ಬೆನ್ನಿನ ಮರದ ಆಸನದ ಆಚೆಗೆ ಹೀತ್‌ಕ್ಲಿಫ್ ಇದ್ದಾನೆ; ಅಷ್ಟು ಕೇಳಿಸಿಕೊಂಡು ಸದ್ದಿಲ್ಲದೆ ಎದ್ದು ಹೋಗುತ್ತಾನೆ. ಕ್ಯಾಥರೀನ್‌ಗೆ ಅದು ಕಾಣುವುದಿಲ್ಲ, ನೆಲ್ಲಿಗೆ ಕಾಣುತ್ತದೆ. ಆಕೆ ಬೆಚ್ಚಿ, ಸುಮ್ಮನಿರು ಎನ್ನುತ್ತಾಳೆ. ಏಕೆ ಎಂದು ಕೇಳಿದರೆ, ಆಗಲೇ ಹೊರಗೆ ಕೇಳಿಬಂದ ಗಾಡಿಯ ಸದ್ದನ್ನು ನೆಪ ಮಾಡಿಕೊಂಡು, ಮನೆಯ ಆಳು ಜೋಸೆಫ್ ಬಂದ ಎಂದುಬಿಡುತ್ತಾಳೆ. ತಾನೇ ಹೀತ್‌ಕ್ಲಿಫ್ ಎಂದು ಕ್ಯಾಥರೀನ್ ಹೇಳುವ ಆ ಪ್ರಸಿದ್ಧ ಮಾತು ಬರುವುದು ಅವನು ಹೋದ ಮೇಲೆ. ಅವನಿಗೆ ಕೇಳಿಸಬೇಕಾಗಿದ್ದ ಮಾತು ಕೇಳಿಸದೆ ಹೋಯಿತೆಂದು ಆ ಕ್ಷಣದಲ್ಲಿ ಬಲ್ಲವಳು ನೆಲ್ಲಿ ಒಬ್ಬಳೇ. ಅವನು ಕೇಳಿಸಿಕೊಂಡಿದ್ದನೆಂದು ಆಕೆ ಕ್ಯಾಥರೀನ್‌ಗೆ ಪಿಸುಗುಟ್ಟುವುದು ಅಂದು ರಾತ್ರಿ ಊಟದ ಹೊತ್ತಿಗೆ, ಅವನಿಗಾಗಿ ಹುಡುಕಾಟ ಶುರುವಾದ ಮೇಲೆ. ಅಷ್ಟರಲ್ಲಿ ಕೈಮೀರಿತ್ತು, ಅವನು ಮರಳಿದ್ದು ಮೂರು ವರ್ಷಗಳ ನಂತರ.

ಎಲ್ಲರೂ ತಮ್ಮ ಗುಟ್ಟನ್ನು ಒಬ್ಬಳ ಮಡಿಲಿಗೇ ಹಾಕಿದರೆ, ಯಾರಿಗೆ ಏನು ಯಾವಾಗ ತಿಳಿಯಬೇಕೆಂಬ ನಿರ್ಧಾರವೂ ಅವಳದೇ ಆಗುತ್ತದೆ. ಆದರೆ ಇದಿಷ್ಟನ್ನೂ ನಮಗೆ ತಿಳಿಸಿದವಳು ನೆಲ್ಲಿಯೇ ಅಲ್ಲವೆ? ತನಗೆ ಅನುಕೂಲವಾಗುವಂತೆ ಕಥೆ ಕಟ್ಟುವವಳಾಗಿದ್ದರೆ ಆ ಗಾಡಿಯ ಸದ್ದಿನ ಪ್ರಸ್ತಾಪವನ್ನೇ ಬಿಟ್ಟುಬಿಡಬಹುದಿತ್ತು. ಅವಳು ಕೊಡುವ ತೀರ್ಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅವಳು ಕೊಡುವ ಸಾಕ್ಷ್ಯವನ್ನು ನಂಬುತ್ತೇನೆ.

ಉತ್ತರ 2

ಮೇಲಿನವರ ವಾದ ಸೊಗಸಾಗಿದೆ, ಆದರೆ ನೆಲ್ಲಿಗೆ ಅದು ಸ್ವಲ್ಪ ಹೆಚ್ಚೇ ರಿಯಾಯಿತಿ ಕೊಟ್ಟಂತಾಯಿತು. ಕ್ಯಾಥರೀನ್ ಮೂರು ದಿನ ಕೋಣೆಯ ಬಾಗಿಲು ಹಾಕಿಕೊಂಡು ಅನ್ನನೀರು ಬಿಟ್ಟಾಗ, ಇದೆಲ್ಲ ನಾಟಕವೆಂದು ತಿಳಿದು ಆಕೆಯ ಗಂಡ ಎಡ್ಗರ್‌ನಿಗೆ ಒಂದು ಮಾತೂ ಹೇಳದೆ ಉಳಿದವಳು ಇವಳೇ. ಎಡ್ಗರ್ ನಂತರ ಇದನ್ನು ಕಲ್ಲೆದೆಯ ನಡತೆ ಎಂದು ಮುಖಕ್ಕೇ ಹೇಳುತ್ತಾನೆ. ತಪ್ಪನ್ನು ತಾನೇ ಹೇಳಿಕೊಂಡ ಮಾತ್ರಕ್ಕೆ ಅದರ ಭಾರ ಅವಳಿಗೆ ತಿಳಿದಿದೆ ಎಂದಾಗುವುದಿಲ್ಲ. ಹಾಗೆಂದು ಖಳಪಾತ್ರ ಎನ್ನುವುದೂ ಅತಿಯಾಯಿತು. ಹಿಂಡ್ಲಿಗೆ ಹಾಲೂಡಿದವಳ ಮಗಳಾಗಿ ಆ ಮನೆಯ ಮಕ್ಕಳ ಜೊತೆ ಆಡಿ ಬೆಳೆದವಳು, ದೊಡ್ಡವಳಾದ ಮೇಲೆ ಅದೇ ಮಕ್ಕಳ ಆಳಾಗಿ ಬದುಕಬೇಕಾಯಿತು. ಮನೆಯವಳೂ ಅಲ್ಲದ, ಹೊರಗಿನವಳೂ ಅಲ್ಲದ ಆ ಸ್ಥಿತಿಯಲ್ಲಿ ನಾಲಿಗೆಯನ್ನು ಅಳೆದೇ ಬಳಸಬೇಕಾಗುತ್ತದೆ.

ಉತ್ತರ 3

ಭಾಷೆಯ ಕಡೆಗೂ ಗಮನ ಹರಿಸಬೇಕೆಂದು ಕೋರುತ್ತೇನೆ. ಅದೇ ಮನೆಯ ಆಳು ಜೋಸೆಫ್ ಒರಟು ಯಾರ್ಕ್‌ಷೈರ್ ಆಡುಮಾತಿನಲ್ಲಿ ಮಾತನಾಡುತ್ತಾನೆ. 1850ರ ಆವೃತ್ತಿಯಲ್ಲಿ ಓದುಗರಿಗೆ ಕಷ್ಟವಾಗಬಾರದೆಂದು ಶಾರ್ಲೆಟ್ ಅದನ್ನು ತಿದ್ದಿ ಸರಳಗೊಳಿಸಿದಳು. ನೆಲ್ಲಿಯ ಮಾತಾದರೋ ಅಚ್ಚುಕಟ್ಟಾದ ಶಿಷ್ಟ ಭಾಷೆ. ಮನೆಯ ಪುಸ್ತಕಭಂಡಾರದಲ್ಲಿ ತಾನು ತೆರೆದು ನೋಡದ ಪುಸ್ತಕವಿಲ್ಲ ಎಂದು ಆಕೆ ಕಾರಣ ಕೊಡುತ್ತಾಳೆ. ಇನ್ನೂ ಒಂದು ಸಂಗತಿಯಿದೆ: ಹದಿನೈದನೆಯ ಅಧ್ಯಾಯದ ಆರಂಭದಲ್ಲಿ ಲಾಕ್‌ವುಡ್, ಅವಳ ಮಾತಿನಲ್ಲೇ ಕಥೆ ಮುಂದುವರಿಸುತ್ತೇನೆ, ಕೊಂಚ ಮಾತ್ರ ಅಡಕಗೊಳಿಸಿದ್ದೇನೆ ಎನ್ನುತ್ತಾನೆ. ಏನನ್ನು ಅಡಕಗೊಳಿಸಿದ ಎಂದು ಹೇಳುವುದಿಲ್ಲ. ನೆಲ್ಲಿಯನ್ನು ಕಟಕಟೆಗೆ ಏರಿಸುವ ಮೊದಲು, ಅವಳ ಹೇಳಿಕೆಯನ್ನು ಬರೆದುಕೊಂಡ ಈ ಗುಮಾಸ್ತನನ್ನೂ ವಿಚಾರಿಸಬೇಡವೆ?

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. 'ತೀರ್ಪು ಬೇರೆ, ಸಾಕ್ಷ್ಯ ಬೇರೆ' ಎಂಬ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಹದಿನಾರನೆಯ ಅಧ್ಯಾಯವನ್ನು ನಿನ್ನೆ ರಾತ್ರಿ ಮತ್ತೆ ಓದಿದೆ. ಕ್ಯಾಥರೀನ್ ಸತ್ತಿದ್ದಾಳೆ, ಹೀತ್‌ಕ್ಲಿಫ್ ಬಂದು ಹೋಗಲೆಂದು ನೆಲ್ಲಿಯೇ ಕಿಟಕಿ ತೆರೆದಿಟ್ಟಿದ್ದಾಳೆ. ಅವನು ಹೋದ ಮೇಲೆ ನೋಡಿದರೆ, ಸತ್ತವಳ ಕೊರಳ ಪದಕದೊಳಗಿದ್ದ ಎಡ್ಗರ್‌ನ ಹೊಂಬಣ್ಣದ ಕೂದಲಿನ ಎಳೆ ನೆಲದ ಮೇಲೆ ಬಿದ್ದಿದೆ, ಪದಕದಲ್ಲಿ ಹೀತ್‌ಕ್ಲಿಫ್‌ನ ಕಪ್ಪು ಕೂದಲಿದೆ. ನೆಲ್ಲಿ ಎರಡನ್ನೂ ಹೊಸೆದು ಒಟ್ಟಿಗೇ ಪದಕದಲ್ಲಿಟ್ಟು ಮುಚ್ಚುತ್ತಾಳೆ. ಏಕೆ ಹಾಗೆ ಮಾಡಿದಳೆಂಬ ವಿವರಣೆ ಇಲ್ಲ, ಸರಿತಪ್ಪಿನ ಉಪದೇಶವೂ ಇಲ್ಲ. ಒಂದು ಸಣ್ಣ ವಾಕ್ಯದಲ್ಲಿ ಹೇಳಿ ಶವಸಂಸ್ಕಾರದ ಸಂಗತಿಗೆ ಹೋಗಿಬಿಡುತ್ತಾಳೆ. ಮೊದಲ ಓದಿನಲ್ಲಿ ಆ ವಾಕ್ಯ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.