ಕುಲಾಂತರಿ ತೊಗರಿ ಬ್ಯಾಡಂತ ಗ್ರಾಮಸಭೆ ಠರಾವು: ಏನು ಬರೀಬೇಕ್ರಿ?

ಆಳಂದ_ಯರಿಹೊಲ:
ಜವಾರಿ ಗುಳ್ಯಾಳ ತೊಗರಿ ಉಳಿಸ್ಲಿಕ್ಕೆ ನಮ್ಮೂರ ಗ್ರಾಮಸಭೆದಾಗ ಠರಾವು ಮಾಡೋದದ. ಎರಡು ಸಂಶಯ. ಬಾಜು ಹೊಲದ ಬಿಟಿ (ಹುಳ ಕೊಲ್ಲೋ ಬ್ಯಾಕ್ಟೀರಿಯಾದ ಜೀನ್ ಹಾಕಿದ) ಹತ್ತಿಯಿಂದ ತೊಗರಿ ಬೀಜ ಬೆರಕಿ ಆಗ್ತದೇನು? ನಾಳೆ ಬಿಟಿ ತೊಗರಿ ಬಂದ್ರ ಎಷ್ಟು ದೂರ ಬಿಟ್ರ ಸಾಕು?

ಬೀಜದ_ಗುಡಾಣ:
ಹತ್ತಿ ಪರಾಗ ತೊಗರಿಗೆ ಕೂಡಂಗಿಲ್ರಿ, ಜಾತಿನೇ ಬ್ಯಾರೆ. ಕುಲಾಂತರಿ ತೊಗರಿ ಮಾರಾಟಕ್ಕೆ ನಮ್ಮ ದೇಶದಾಗ ಒಪ್ಪಿಗೆ ಸಿಕ್ಕಿಲ್ಲ. ಈಗ ಗುಳ್ಯಾಳ ಕೆಡ್ತಿರೋದು ಬದುವಿನ ಆಚೆಗಿನ ಟಿಎಸ್-3ಆರ್, ಮಾರುತಿ ಅನ್ನೋ ಬ್ಯಾರೆ ತೊಗರಿ ತಳಿಯಿಂದ. ತೊಗರಿ ಹೂವು ಮೊಗ್ಗಿನಾಗ ಇದ್ದಾಗಲೇ ತನ್ನ ಪರಾಗ ತಗೋತದ ಖರೆ, ಆದ್ರ ಎಲ್ಲಾ ಹೂವೂ ಹಂಗಲ್ಲ. ಜೇನು ಜಾಸ್ತಿ ಇದ್ದಲ್ಲಿ ನೂರಕ್ಕ 20ಕ್ಕಿಂತ ಹೆಚ್ಚು ಬೀಜ ಬೆರಕಿ ಆಗಬಹುದು. ಸರ್ಕಾರ ತಪಾಸಣೆ ಮಾಡಿ ಮಾರಾಟಕ್ಕೆ ಬಿಡೋ ಪ್ರಮಾಣಿತ ಬೀಜಕ್ಕೆ 100 ಮೀಟರ್ ಅಂತರ ಕೇಳ್ತಾರ. ಮನಿ ಬೀಜಕ್ಕೆ 200 ಮೀಟರ್ ಹಿಡೀರಿ. ಅಷ್ಟು ಜಾಗ ಇಲ್ಲಂದ್ರ ಹೊಲದ ನಡುವಿನ ಗಿಡದಿಂದಷ್ಟೇ ಬೀಜ ಆರಿಸ್ರಿ, ಬದುವಿನ ಸಾಲು ಮುಟ್ಟಬ್ಯಾಡ್ರಿ. ಹೂ ಬಿಟ್ಟಾಗ ಒಮ್ಮೆ, ಕಾಯಿ ಕಟ್ಟಿದಾಗ ಒಮ್ಮೆ ಅಡ್ಡಾಡಿ ಎಸಳಿನ ಕೆಂಪು ಗೆರೆ, ಕಾಯಿ ಮ್ಯಾಲಿನ ಪಟ್ಟಿ, ಗಿಡದ ಹರಹು ನೋಡಿ ಹೊಂದದ ಗಿಡ ಕಿತ್ತು ಒಗೀರಿ. ಕಡಿಮೆ ಅಂದ್ರೂ 100 ಗಿಡದ ಬೀಜ ಕೂಡಿಸ್ರಿ. ನಾಕೇ ಗಿಡದಿಂದ ತಗೊಂಡ್ರ ತಳಿಯೊಳಗಿನ ವೈವಿಧ್ಯ ಸೊರಗ್ತದ.

ಕಾಯಿಕೊರಕ:
ಬಿಟಿ ತೊಗರಿಗೆ ನಿರ್ಬಂಧ ಯಾಕ ಬೇಕು ಅನ್ನೋದಕ್ಕ ಬೆರಕಿಗಿಂತ ದೊಡ್ಡ ಕಾರಣ ಒಂದದ, ಯಾರೂ ಮಾತಾಡಂಗಿಲ್ಲ. ಹಸಿರು ಕಾಯಿಕೊರಕ ಹತ್ತಿ, ತೊಗರಿ, ಕಡಲೆ ಮೂರರಾಗೂ ಬದುಕ್ತದ. ಬಿಟಿ ಇಲ್ಲದ ತೊಗರಿಯೊಳಗ ಬೆಳೆದ ಪತಂಗ ಹತ್ತಿ ಹೊಲದಾಗ ಬಿಟಿ ತಿಂದೂ ಸಾಯದೇ ಉಳಿದ ಗಟ್ಟಿ ಪತಂಗದ ಜೊತಿ ಕೂಡ್ತದ, ಅದಕ್ಕ ನಿರೋಧಕ ಶಕ್ತಿ ಹರಡೋದು ತಡ ಆಗ್ತದ. ಗುಲಾಬಿ ಕಾಯಿಕೊರಕಕ್ಕೆ ಹೆಚ್ಚುಕಡಿಮಿ ಹತ್ತಿ ಬಿಟ್ರ ಬ್ಯಾರೆ ಆಸರೆ ಇಲ್ಲ. ಆ ಆಸರೆ ಇರ್ಲಿ ಅಂತ 450 ಗ್ರಾಂ ಬಿಟಿ ಹತ್ತಿ ಬೀಜದ ಜೊತಿ ಬರ್ತಿದ್ದ 120 ಗ್ರಾಂ ಬಿಟಿಯಲ್ಲದ ಬೀಜದ ಪೊಟ್ಟಣ ಬಹಳ ಕಡೆ ಬಿತ್ತಲೇ ಇಲ್ಲ. ಹಂಗಾಗಿ ಎರಡು ಬಿಟಿ ಜೀನ್ ಇದ್ದ ಬೋಲ್ಗಾರ್ಡ್-2 ಹತ್ತಿನ್ನೂ ಆ ಹುಳ ಗೆದ್ದುಬಿಡ್ತು. ತೊಗರಿಗೂ ಅದೇ ಬಿಟಿ ಜೀನ್ ಹಾಕಿದ್ರ ಹಸಿರು ಹುಳಕ್ಕೂ ಆಸರೆ ಹೋಗ್ತದ, ತೊಗರಿ-ಹತ್ತಿ ಎರಡೂ ಕೈಬಿಡ್ತಾವ.

ಬೀದರ್_ಕಡಿ:
ನಿರ್ಬಂಧ ಸರಿ, ಆದ್ರ ಸಂಶೋಧನೆಗೆ ಬಾಗಿಲು ಹಾಕಬ್ಯಾಡ್ರಿ. ನಮ್ಮ ಕಡೆ ಗೊಡ್ಡು ರೋಗ ಬಂದ್ರ ಗಿಡ ಹಸಿರಾಗೇ ಇರ್ತದ, ಹೂವೇ ಬರಂಗಿಲ್ಲ. ಬಿಎಸ್ಎಂಆರ್-736 ಅದನ್ನ ತಡೀತದ, ಮಾರುತಿ ನೆಟೆ ರೋಗ (ಗಿಡ ಒಣಗಿ ಸಾಯೋದು) ತಡೀತದ, ಎರಡೂ ಸಂಶೋಧನೆಯಿಂದ ಬಂದ ತಳಿ, ಕುಲಾಂತರಿ ಅಲ್ಲ. ಠರಾವಿನಾಗ ಬರೇ "ಕುಲಾಂತರಿ" ಅಂತ ಬರೆದ್ರ ಸಾಲದು. ಹೊರಗಿನ ಜೀನ್ ಇಲ್ಲದ ಜೀನೋಮ್ ಎಡಿಟಿಂಗ್ (ಗಿಡದ ತನ್ನದೇ ಜೀನ್ ತಿದ್ದಿದ) ತಳಿಗಳಿಗೆ ಕೇಂದ್ರ ಸರ್ಕಾರ 2022ರ ಮಾರ್ಚ್‌ನಾಗ ಕುಲಾಂತರಿ ಹದ್ದುಬಸ್ತಿನಾಗ ಇಡೋ 1989ರ ನಿಯಮದ ಬಹಳಷ್ಟು ಭಾಗದಿಂದ ವಿನಾಯ್ತಿ ಕೊಟ್ಟದ. ಅವಕ್ಕೂ ಚೀಲದ ಮ್ಯಾಲೆ ಗುರುತು ಬೇಕು ಅಂತ ಕೇಳ್ರಿ. ಪ್ರಯೋಗದ ಹೊಲ ಮಾಡೋದಕ್ಕ ರಾಜ್ಯದ ಒಪ್ಪಿಗೆ ಕೇಳೋ ಪದ್ಧತಿ ಅದ, ಆ ಒಪ್ಪಿಗೆಗೆ ಮೊದಲು ಗ್ರಾಮಸಭೆಗೆ ತಿಳಿಸಬೇಕು ಅಂತ ಸೇರಿಸ್ರಿ. ಊರಿನ ಗಿಡ, ಬೆಳೆ, ಪ್ರಾಣಿ ಪಟ್ಟಿ ಇರೋ ಪಂಚಾಯ್ತಿಯ ಜೀವವೈವಿಧ್ಯ ದಾಖಲಾತಿಯೊಳಗ ಗುಳ್ಯಾಳದ ಹೆಸರು, ಬೆಳೆಯೋ ಹೊಲ, ಗುರುತು ಬರೆಸ್ರಿ. ಕಲಬುರಗಿ ತೊಗರಿ ಬೇಳೆಗೆ 2019ರಾಗ ಜಿಐ (ಊರಿನ ಹೆಸರಿಗೆ ಕೊಡೋ ಭೌಗೋಳಿಕ ಗುರುತು) ಸಿಕ್ಕದ, ಆದ್ರ ಅದು ಬೇಳೆ ಹೆಸರು ಕಾಯ್ತದ, ನಿಮ್ಮ ಬೀಜ ಕಾಯಂಗಿಲ್ಲ.

ಆಳಂದ_ಯರಿಹೊಲ:
ಬಾಳ ಉಪಕಾರ ಆತ್ರಿ. 200 ಮೀಟರ್ ಸಿಗಂಗಿಲ್ಲ. ಜೇನು ಬರದಂಗ ಗಿಡಕ್ಕ ಸೊಳ್ಳೆ ಪರದೆಯಂಥ ಬಲಿ (ಬಲೆ) ಕಟ್ಟಿದ್ರ?

ಬೀಜದ_ಗುಡಾಣ:
ಆದಷ್ಟು ಹೆಚ್ಚು ಗಿಡಕ್ಕ ಕಟ್ರಿ, ಅದೇ ನಿಮ್ಮ ಮೂಲ ಬೀಜ. 10-15 ಗಿಡಕ್ಕಷ್ಟೇ ಆದ್ರ, ವೈವಿಧ್ಯ ಉಳೀಲಿಕ್ಕೆ ಹೊಲದ ನಡುವಿನ ಗಿಡದ ಬೀಜನೂ ಕೂಡಿಸ್ರಿ. ಮೊಗ್ಗು ಅರಳೋಕ್ಕಿಂತ ಮೊದಲೇ ಸಣ್ಣ ಕಣ್ಣಿನ ನೈಲಾನ್ ಬಲಿ ಹಾಕಬೇಕು. ನಾಕು ಕೋಲು ನೆಟ್ಟು ಮ್ಯಾಲೆ ಹೊಚ್ರಿ. ಬಲಿ ಹೂವಿಗೆ ತಾಗಿದ್ರ ಜೇನು ಹೊರಗಿಂದಲೇ ಮುಟ್ತದ. ಕಟ್ಟೋ ದಿನ ಗಿಡ ಅಲ್ಲಾಡಿಸಿ ಹುಳ ಉದುರಿಸ್ರಿ, ಮೊಗ್ಗಿನ ಮ್ಯಾಲಿನ ತತ್ತಿ ಕೈಲೇ ತಗೀರಿ. ಒಳಗೆ ಒಂದು ಹುಳ ಉಳಿದ್ರೂ ಹಕ್ಕಿಗೆ ಸಿಗಂಗಿಲ್ಲ, ಕಾಯೆಲ್ಲಾ ಕೊರೀತದ. ಆಮ್ಯಾಲೂ ವಾರಕ್ಕೊಮ್ಮೆ ಸಂಜಿ ಹೊತ್ತು ಬಿಚ್ಚಿ ನೋಡಿ ತಿರುಗಿ ಕಟ್ರಿ. ಹೂ ಮುಗಿದು ಕಾಯಿ ನಿಂತ ಮ್ಯಾಲೆ ಬಲಿ ತಗೀರಿ, ಆ ಗಿಡಕ್ಕ ಬಣ್ಣದ ದಾರ ಕಟ್ರಿ, ಇಲ್ಲಂದ್ರ ರಾಶಿ ದಿನ ಎಲ್ಲದರ ಜೊತಿ ಬೆರೆತುಬಿಡ್ತದ.