ಕಾಫಿ ಕಣಕ್ಕೆ ಕ್ಯಾಮೆರಾ: ರಾಸ್ಪ್‌ಬೆರಿ ಪೈ ಅದನ್ನು ಗುರುತಿಸುತ್ತಿಲ್ಲ

ಮೂಡಿಗೆರೆ ಬೆಳೆಗಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹಣ್ಣು ಒಣಗಿಸುವ ನಮ್ಮ ಕಾಫಿ ಕಣ ಮನೆಯಿಂದ ಸಾಕಷ್ಟು ಮೇಲಿದೆ, ಜಗಲಿಯಿಂದ ಕಾಣುವುದಿಲ್ಲ. ಹಣ್ಣು ಹರಡಿದ ದಿನಗಳಲ್ಲಿ ದಿಢೀರನೆ ಮೋಡ ಕವಿದರೆ ಟಾರ್ಪಾಲು ಹೊದಿಸಿದ್ದಾರೋ ಇಲ್ಲವೋ ಎಂದು ಮನೆಯಿಂದಲೇ ನೋಡಬೇಕು. ರಾತ್ರಿ ಕಣದ ಬಳಿ ಯಾರಾದರೂ ಸುಳಿದರೂ ಗೊತ್ತಾಗಬೇಕು. ಇದಕ್ಕೆಂದು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಮತ್ತು ಅದರದೇ ಎರಡನೆಯ ಆವೃತ್ತಿಯ 8 ಮೆಗಾಪಿಕ್ಸೆಲ್ ಕ್ಯಾಮೆರಾ ತರಿಸಿದ್ದೇನೆ. ರಾತ್ರಿಯೂ ಕಾಣಲಿ ಎಂದು ಅವಕೆಂಪು (ಇನ್‌ಫ್ರಾರೆಡ್) ಬೆಳಕನ್ನೂ ಹಿಡಿಯುವ ನೋಐಆರ್ ಮಾದರಿಯನ್ನೇ ಆರಿಸಿಕೊಂಡೆ.

ನಾನು ನೋಡಿದ ಒಂದು ವಿಡಿಯೊದಲ್ಲಿ ತೋರಿಸಿದ, ಫೋಟೊ ತೆಗೆಯುವ ರಾಸ್ಪಿಸ್ಟಿಲ್ ಆದೇಶ ಕೊಟ್ಟರೆ ಅಂಥದ್ದೇ ಇಲ್ಲ ಎನ್ನುತ್ತದೆ. ಬೇರೆ ಆದೇಶ ಕೊಟ್ಟರೆ ಯಾವ ಕ್ಯಾಮೆರಾವೂ ಇಲ್ಲ ಎಂಬ ಉತ್ತರ ಬರುತ್ತದೆ. ಕ್ಯಾಮೆರಾ ಕೆಟ್ಟಿದೆಯೇ? ಇನ್ನೊಂದು ವಿಷಯ: ಕಂಪ್ಯೂಟರನ್ನು ಪಲ್ಪರ್ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಮನೆಯೊಳಗೆ ಇಟ್ಟು, ಎರಡು ಮೀಟರ್ ರಿಬ್ಬನ್ ಕೇಬಲ್ ಎಳೆದು ಕ್ಯಾಮೆರಾವನ್ನು ಮಾತ್ರ ಹೊರಗಿಡಬಹುದೇ?

ಹಾಸನದ ವಿದ್ಯಾರ್ಥಿ

ಸರ್, ವಿಡಿಯೊ ಹಳೆಯದು. ರಾಸ್ಪಿಸ್ಟಿಲ್ ಇದ್ದದ್ದು ಪೈನ ಹಳೆಯ ಕ್ಯಾಮೆರಾ ವ್ಯವಸ್ಥೆಯಲ್ಲಿ. 2021ರ ಬುಲ್ಸ್‌ಐ ಎಂಬ ಆಪರೇಟಿಂಗ್ ಸಿಸ್ಟಮ್ ಆವೃತ್ತಿಯಿಂದ ಲಿಬ್‌ಕ್ಯಾಮೆರಾ ಎಂಬ ಹೊಸ ಕ್ಯಾಮೆರಾ ತಂತ್ರಾಂಶ ಬಂತು. 2023ರ ಬುಕ್‌ವರ್ಮ್ ಆವೃತ್ತಿ ಬಂದ ಮೇಲೆ ಅದರ ಆದೇಶಗಳಿಗೆ ಆರ್‌ಪಿಐಕ್ಯಾಮ್ ಎಂದು ಹೆಸರಾಯಿತು. ಮೊದಲು ಆರ್‌ಪಿಐಕ್ಯಾಮ್ ಹಲೋ ಆದೇಶಕ್ಕೆ ಲಿಸ್ಟ್ ಕ್ಯಾಮೆರಾಸ್ ಆಯ್ಕೆ ಸೇರಿಸಿ ಓಡಿಸಿ. ಅಸಲಿ ಕ್ಯಾಮೆರಾ ಆಗಿದ್ದರೆ ತಾನಾಗಿ ಪಟ್ಟಿಯಲ್ಲಿ ಬರುತ್ತದೆ, ಏನನ್ನೂ ಬದಲಿಸಬೇಕಿಲ್ಲ. ಬೇರೆ ತಯಾರಕರದಾದರೆ ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಕಡತದಲ್ಲಿ ಕ್ಯಾಮೆರಾ ಆಟೊ ಡಿಟೆಕ್ಟ್ ಸಾಲಿನ 1 ಅನ್ನು 0 ಮಾಡಿ, ಯಾವ ಸೆನ್ಸಾರ್ ಎಂದು ತಿಳಿಸುವ ಓವರ್‌ಲೇ ಸಾಲಿನಲ್ಲಿ ಸೆನ್ಸಾರಿನ ಹೆಸರನ್ನು ನೀವೇ ಬರೆಯಬೇಕಾಗಬಹುದು. ಬುಕ್‌ವರ್ಮ್‌ನಿಂದ ಆ ಕಡತ ಬೂಟ್ ಒಳಗಿನ ಫರ್ಮ್‌ವೇರ್ ಫೋಲ್ಡರಿನಲ್ಲಿದೆ.

ರಿಪೇರಿ ಮೇಜು, ಚಿಕ್ಕಮಗಳೂರು

ತಮ್ಮ ಹೇಳಿದ್ದು ಸರಿ. ಆದರೆ ಬೆಳೆಗಾರರೇ, ಕಡತಕ್ಕೆ ಕೈ ಹಾಕುವ ಮೊದಲು ದಯವಿಟ್ಟು ಕೇಬಲ್ ನೋಡಿ. ನಾನು ದಿನವಿಡೀ ಮೊಬೈಲ್ ಬಿಚ್ಚುವವಳು. ಡಿಸ್‌ಪ್ಲೇ ಹೋಗಿದೆ, ಬೋರ್ಡ್ ಹೋಗಿದೆ ಎಂದು ಬರುವ ಎಷ್ಟೋ ಫೋನ್‌ಗಳಲ್ಲಿ ಹೋಗಿರುವುದು ಏನೂ ಇರುವುದಿಲ್ಲ, ಒಂದು ಸ್ಟ್ರಿಪ್ ಕೂಡುವ ಜಾಗದಲ್ಲಿ ಕೂಡಿರುವುದಿಲ್ಲ ಅಷ್ಟೇ. ಚೆನ್ನಾಗಿರುವ ವಸ್ತುವನ್ನು ಕೆಟ್ಟಿತು ಎಂದು ಎಸೆಯುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮೊದಲು ಕಂಪ್ಯೂಟರನ್ನು ಶಟ್‌ಡೌನ್ ಮಾಡಿ, ಚಾರ್ಜರಿನ ಪಿನ್ ಕಿತ್ತುಬಿಡಿ. ಕರೆಂಟ್ ಇರುವಾಗ ಕ್ಯಾಮೆರಾ ಕೇಬಲ್ ಮುಟ್ಟಲೇಬಾರದು. ಪೈ 4ರಲ್ಲಿ ನೋಡಲು ಒಂದೇ ಥರ ಇರುವ ಎರಡು ಕನೆಕ್ಟರ್‌ಗಳಿವೆ. ಮೆಮೊರಿ ಕಾರ್ಡ್ ಕಡೆಯ ಅಂಚಿನಲ್ಲಿರುವುದು ಡಿಸ್‌ಪ್ಲೇಗೆ. ಎಚ್‌ಡಿಎಂಐ ಮತ್ತು ಇಯರ್‌ಫೋನ್ ಜಾಕ್‌ಗಳ ನಡುವೆ ಇರುವುದು ಕ್ಯಾಮೆರಾಗೆ. ಕ್ಯಾಮೆರಾವನ್ನು ಡಿಸ್‌ಪ್ಲೇ ಕನೆಕ್ಟರಿಗೆ ಸಿಕ್ಕಿಸಿದರೆ ಕೇಬಲ್ ಸಲೀಸಾಗಿ ಕೂರುತ್ತದೆ, ಚಿತ್ರ ಮಾತ್ರ ಎಂದಿಗೂ ಬರುವುದಿಲ್ಲ.

ಇನ್ನು ಕೇಬಲಿನ ಮುಖ. ಕ್ಲಿಪ್ಪನ್ನು ಎರಡೂ ತುದಿಯಿಂದ ಉಗುರಿನಲ್ಲಿ ಮೆಲ್ಲಗೆ ಮೇಲೆತ್ತಿ. ಕೇಬಲಿನ ನೀಲಿ ಪಟ್ಟಿ ಯುಎಸ್‌ಬಿ ಕಿಂಡಿಗಳ ಕಡೆಗೂ ಹೊಳೆಯುವ ಗೆರೆಗಳು ಎಚ್‌ಡಿಎಂಐ ಕಡೆಗೂ ಇರಬೇಕು. ತಳದವರೆಗೆ ನೇರವಾಗಿ ಇಳಿಸಿ, ಬಳಿಕ ಕ್ಲಿಪ್ ಒತ್ತಿ. ಕ್ಯಾಮೆರಾ ಬೋರ್ಡಿನ ತುದಿಯಲ್ಲಿ ಗೆರೆಗಳು ಬೋರ್ಡಿನ ಕಡೆ ಮುಖ ಮಾಡಿರಬೇಕು, ನೀಲಿ ಪಟ್ಟಿ ಹಿಂಬದಿಯಿಂದ ಕಾಣಬೇಕು. ಕೂತ ಮೇಲೆ ಕಣ್ಣ ಮಟ್ಟಕ್ಕೆ ಹಿಡಿದು ನೋಡಿ. ಕೇಬಲಿನ ಅಂಚು ಕನೆಕ್ಟರಿಗೆ ಸಮಾನಾಂತರವಾಗಿರಬೇಕು, ಒಂದು ಬದಿ ಕೂದಲೆಳೆಯಷ್ಟು ಮೇಲಿದ್ದರೂ ಪಿನ್‌ಗಳು ತಪ್ಪಿಹೋಗುತ್ತವೆ.

ಇಷ್ಟಾದರೂ ಬರಲಿಲ್ಲವೆಂದರೆ ಬಹಳ ಜನ ನೋಡದ ಜಾಗ ಒಂದಿದೆ. ಲೆನ್ಸ್ ಇರುವ ಆ ಪುಟ್ಟ ಚೌಕದಿಂದ ಗಿಡ್ಡನೆಯ ಸ್ಟ್ರಿಪ್ ಹೊರಟು ಅದೇ ಬೋರ್ಡಿನ ಮೇಲಿನ ಚಿಕ್ಕ ಕನೆಕ್ಟರಿಗೆ ಗುಂಡಿಯಂತೆ ಕೂತಿರುತ್ತದೆ. ಕೊರಿಯರ್ ಪ್ರಯಾಣದಲ್ಲೇ ಅದು ಬಿಟ್ಟುಕೊಳ್ಳಬಹುದು. ಅದರ ಮೇಲೆ ಬೆರಳಿಟ್ಟು ಒತ್ತಿ, ಟಿಕ್ ಎಂದು ಕೂರುತ್ತದೆ. ಲೆನ್ಸ್ ಮೇಲೆ ಒತ್ತಬೇಡಿ.

ಎರಡು ಮೀಟರ್ ರಿಬ್ಬನ್ ಬೇಡವೇ ಬೇಡ. ಅದರಲ್ಲಿ ಓಡುವುದು ಅತಿ ವೇಗದ ಸಂಕೇತ, ಮೂಲತಃ ಒಂದೇ ಪೆಟ್ಟಿಗೆಯೊಳಗಿನ ಅಳತೆಗಾಗಿ ರೂಪಿಸಿದ್ದು. ಕವಚವಿಲ್ಲದ ಆ ಪಟ್ಟಿಯನ್ನು ಪಲ್ಪರ್ ಮೋಟಾರ್, ಸ್ಟಾರ್ಟರ್ ಪಕ್ಕದಲ್ಲಿ ಹಾಯಿಸಿದರೆ ಚಿತ್ರ ಕಡಿದು ಕಡಿದು ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಕಂಪ್ಯೂಟರನ್ನೇ ಕ್ಯಾಮೆರಾದ ಜೊತೆ ಸೂರಿನ ಕೆಳಗೆ ಒಂದೇ ಪೆಟ್ಟಿಗೆಯಲ್ಲಿಡಿ. ದೂರ ಹೋಗಬೇಕಾದ್ದು ನೆಟ್‌ವರ್ಕ್ ಕೇಬಲ್, ಅದು 100 ಮೀಟರ್‌ವರೆಗೆ ನಿಶ್ಚಿಂತೆಯಿಂದ ಹೋಗುತ್ತದೆ. ಚಾರ್ಜರ್ ಮಾತ್ರ 5 ವೋಲ್ಟ್ 3 ಆಂಪಿಯರಿನದೇ ಇರಲಿ. ಮನೆಯಲ್ಲಿ ಬಿದ್ದಿರುವ ಹಳೆಯ ಫೋನ್ ಚಾರ್ಜರ್ ಹಾಕಿದರೆ ಕ್ಯಾಮೆರಾ ಶುರುವಾಗುವ ಹೊತ್ತಿಗೇ ಕಂಪ್ಯೂಟರ್ ತತ್ತರಿಸುತ್ತದೆ.

ಮೂಡಿಗೆರೆ ಬೆಳೆಗಾರ

ಮೇಡಂ, ತುಂಬಾ ಉಪಕಾರವಾಯಿತು. ದೊಡ್ಡ ಕೇಬಲ್ ಎರಡೂ ಕಡೆ ಸರಿಯಾಗಿಯೇ ಇತ್ತು. ನೀವು ಕೊನೆಗೆ ಹೇಳಿದ ಚಿಕ್ಕ ಕನೆಕ್ಟರ್ ಒಂದು ಮೂಲೆಯಲ್ಲಿ ಎದ್ದಿತ್ತು, ಒತ್ತಿದೆ. ಈಗ ಪಟ್ಟಿಯಲ್ಲಿ ಸೆನ್ಸಾರಿನ ಹೆಸರು ಐಎಂಎಕ್ಸ್219 ಎಂದೂ ಚಿತ್ರದ ಅಳತೆ 3280×2464 ಎಂದೂ ಬರುತ್ತಿದೆ. ಚಿತ್ರವೂ ಬಂತು. ಆದರೆ ಹಗಲಿನಲ್ಲಿ ಕಾಫಿ ಗಿಡದ ಎಲೆಗಳೆಲ್ಲ ನಸುಗೆಂಪಾಗಿ ಕಾಣುತ್ತಿವೆ. ಇದೂ ಕನೆಕ್ಟರಿನದೇ ತೊಂದರೆಯೇ?

ಸಕಲೇಶಪುರ ತೋಟ

ತೊಂದರೆಯಲ್ಲ, ಅದು ನೋಐಆರ್ ಕ್ಯಾಮೆರಾದ ಸ್ವಭಾವ. ಅವಕೆಂಪು ಕಿರಣಗಳನ್ನು ತಡೆಯುವ ಶೋಧಕ ಅದರಲ್ಲಿಲ್ಲ. ಹಸಿರೆಲೆ ಆ ಕಿರಣಗಳನ್ನು ಧಾರಾಳವಾಗಿ ಹಿಂತಿರುಗಿಸುತ್ತದೆ, ಹಾಗಾಗಿ ಆ ಬಣ್ಣ. ಟಾರ್ಪಾಲು, ಮನುಷ್ಯ, ದನ ನೋಡಲು ಅಡ್ಡಿಯಿಲ್ಲ. ಹಣ್ಣು ಎಷ್ಟು ಒಣಗಿದೆ ಎಂದು ಬಣ್ಣ ನೋಡಿ ಹೇಳಲು ಮಾತ್ರ ಅದನ್ನು ನಂಬಬೇಡಿ. ಪೈ 4ರಲ್ಲಿ ಕ್ಯಾಮೆರಾ ಕನೆಕ್ಟರ್ ಒಂದೇ ಇರುವುದರಿಂದ, ಹಗಲಿನ ಬಣ್ಣಕ್ಕೆ ಯುಎಸ್‌ಬಿ ವೆಬ್‌ಕ್ಯಾಮ್ ಸೇರಿಸಿಕೊಳ್ಳಿ.

ರಾತ್ರಿಗೆ ಅವಕೆಂಪು ದೀಪ ಬೇಕೇ ಬೇಕು, ಕತ್ತಲಲ್ಲಿ ನೋಐಆರ್ ಒಂದೇ ಏನನ್ನೂ ಕಾಣಲಾರದು. 850 ನ್ಯಾನೊಮೀಟರ್ ದೀಪ ನಸುಗೆಂಪಾಗಿ ಮಿನುಗುತ್ತದೆ, ಬೆಳಕು ದೂರ ಮುಟ್ಟುತ್ತದೆ. 940ರದು ಕಣ್ಣಿಗೆ ಕಾಣುವುದಿಲ್ಲ, ಆದರೆ ಸೆನ್ಸಾರಿಗೂ ಮಂದ. ಕಣ ದೊಡ್ಡದಾದರೆ 850 ತೆಗೆದುಕೊಳ್ಳಿ. ದೀಪವನ್ನು ಲೆನ್ಸ್‌ನಿಂದ ಒಂದೆರಡು ಅಡಿ ದೂರ ಕಟ್ಟಿ, ಇಲ್ಲದಿದ್ದರೆ ಜೇಡರ ಬಲೆಯ ಒಂದೊಂದು ಎಳೆಯೂ ಬೆಳ್ಳಗೆ ಹೊಳೆದು ಚಿತ್ರ ಮುಚ್ಚಿಹೋಗುತ್ತದೆ. ನಮ್ಮ ಕಡೆ ಮಳೆಗಾಲದ ತೇವ ಗೊತ್ತೇ ಇದೆಯಲ್ಲ. ವೈರ್‌ಗಳು ಪೆಟ್ಟಿಗೆಯ ತಳದಿಂದಲೇ ಒಳಹೋಗಲಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ಗಾಜಿನ ಒಳಮೈಯಲ್ಲಿ ಮಂಜು ಕಂಡ ದಿನವೇ ಆ ಪೊಟ್ಟಣ ಬದಲಿಸಿ.